ದೋಣಿಗೊಂದು ಗೆರೆ ಬೇಡವೇ?

ಸಮುದ್ರ ಸುರಕ್ಷತೆಯ ಮಾತು ಬಾಗಲಕೋಟೆ ಜಿಲ್ಲೆಗೇಕೆ ಎನ್ನುವಿರಾ? ಬಾಗಲಕೋಟೆಯ ಅಂಚಿನಲ್ಲಿ ಆಲಮಟ್ಟಿಯ ಹಿನ್ನೀರಿದೆ. ಹುನಗುಂದ ತಾಲ್ಲೂಕಿನ ಕೂಡಲಸಂಗಮದಲ್ಲಿ ನಾರಾಯಣಪುರದ ಹಿನ್ನೀರಿದೆ. ನೀರಿದ್ದಲ್ಲಿ ದೋಣಿ, ದೋಣಿಯಿದ್ದಲ್ಲಿ ಅಪಾಯ.

ಕಡಲ ಹಡಗುಗಳಿಗೆ 1949ರಿಂದ ಮುಂಬಯಿಯ ನೌಕಾಯಾನ ಮಹಾನಿರ್ದೇಶನಾಲಯವಿದೆ. ಹಡಗಿನ ತಪಾಸಣೆ, ನಾವಿಕರ ಅರ್ಹತೆ, ಹೊರಮೈಯ ಭಾರರೇಖೆ ಇವು ಅದರ ಹೊಣೆ. ಒಳನಾಡಿನ ದೋಣಿಗಳ ನೋಂದಣಿ, ತಪಾಸಣೆಗಳನ್ನು 2021ರ ಒಳನಾಡು ಹಡಗು ಕಾಯ್ದೆ ರಾಜ್ಯಗಳಿಗೆ ವಹಿಸಿದೆ. ಆದರೆ ಈ ಹೊಣೆಯನ್ನು ನಾವು ಬರೀ ಪರವಾನಗಿಯ ಲೆಕ್ಕದಲ್ಲಿ ನೋಡುತ್ತೇವೆ. ಪರವಾನಗಿ ಪೆಟ್ಟಿಗೆಯಲ್ಲಿರುತ್ತದೆ, ಭಾರರೇಖೆ ಪ್ರಯಾಣಿಕನ ಕಣ್ಣೆದುರಿಗಿರುತ್ತದೆ.

ಲೆಕ್ಕ ಸರಳ. ನೀರಿನ ಮಟ್ಟದಲ್ಲಿ 10 ಚದರ ಮೀಟರ್ ವಿಸ್ತೀರ್ಣವಿರುವ ದೋಣಿಗೆ ತಲಾ 60 ಕಿಲೋಗ್ರಾಂನ 10 ಜನ ಹತ್ತಿದರೆ ಅದು ಸುಮಾರು 6 ಸೆಂಟಿಮೀಟರ್ ಇಳಿಯುತ್ತದೆ. ಸಿಹಿನೀರಿನ ಸಾಂದ್ರತೆ ಕಡಲನೀರಿಗಿಂತ ಕಡಿಮೆ; ಹಾಗಾಗಿ ಅದೇ ಭಾರಕ್ಕೆ ಕೃಷ್ಣೆಯಲ್ಲಿ ಸುಮಾರು ಶೇಕಡ 2.5ರಷ್ಟು ಹೆಚ್ಚು ಗಾತ್ರ ಮುಳುಗಬೇಕು. ಜನ ಎದ್ದು ನಿಂತರೆ ಗುರುತ್ವಕೇಂದ್ರ ಮೇಲೇರಿ ದೋಣಿ ಮಗುಚುವ ಸಂಭವ ಹೆಚ್ಚುತ್ತದೆ.

2019ರ ಜನವರಿಯಲ್ಲಿ ಕಾರವಾರದ ಕೂರ್ಮಗಡ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಜನ ಸತ್ತರು. ರಕ್ಷಣಾಪಡೆ ಬರುವುದು ಅಪಘಾತದ ನಂತರ. ಗೆರೆ ಎಚ್ಚರಿಸುವುದು ಮೊದಲು.

ನಮ್ಮ ಪಾಠಗಳೂ ವಸ್ತು ತೇಲುವುದೇಕೆ ಎಂಬಲ್ಲಿಗೆ ನಿಲ್ಲುತ್ತವೆ, ಮಗುಚುವುದೇಕೆ ಎಂದು ಕೇಳುವುದಿಲ್ಲ. ಶಿಕ್ಷಕರೇ, ಬಾದಾಮಿಯಿರಲಿ, ಇಳಕಲ್ಲಿರಲಿ, ಬಕೆಟ್ ನೀರಿನಲ್ಲಿ ತಗಡಿನ ಡಬ್ಬಿ ತೇಲಿಸಿ, ಮರಳು ತುಂಬುತ್ತ ಗೆರೆ ಎಳೆಸಿ. ಗೆರೆ ಓದಬಲ್ಲ ಮಕ್ಕಳು ನಾಳೆ ತುಂಬಿದ ದೋಣಿಯನ್ನು ಹತ್ತಲಾರರು.