ಹಲ್ಲು ಕಟ್ಟುವ ಕೈಗಳು

ನಾಗಪುರದ ಖರ್ರಾ ಕಂಡವರಿಗೆ ಆ ಊರಿನ ಹಲ್ಲುಗಳ ಪಾಡೂ ಗೊತ್ತು. ಅಡಿಕೆ ಚೂರು, ತಂಬಾಕು, ಸುಣ್ಣವನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ತಿಕ್ಕಿ ತಿಕ್ಕಿ ಕೊಡುತ್ತಾರೆ. ಅದನ್ನು ವರ್ಷಗಟ್ಟಲೆ ಅಗಿದರೆ ಹಲ್ಲು ಸವೆಯದೆ ಇನ್ನೇನಾದೀತು? (ಬಾಯಿಗೆ ಆಗುವ ಕೇಡು ಇನ್ನೂ ದೊಡ್ಡದು.) ಸವೆದದ್ದಕ್ಕೆ ಕ್ಯಾಪ್, ಬಿದ್ದದ್ದಕ್ಕೆ ಬ್ರಿಡ್ಜ್.

ಅವನ್ನು ಕೂರಿಸುವ ಡಾಕ್ಟರರನ್ನು ಎಲ್ಲರೂ ಹೊಗಳುತ್ತಾರೆ. ನನ್ನ ಮೆಚ್ಚುಗೆ ಲ್ಯಾಬಿನ ಟೆಕ್ನಿಷಿಯನ್‌ಗೆ. ಎಷ್ಟೋ ಸಲ ರೋಗಿಯ ಮುಖವನ್ನೇ ನೋಡದೆ, ಬರೀ ಅಚ್ಚು ಹಿಡಿದು ಹಲ್ಲು ಮಾಡುವವರು ಅವರು. ಜಿರ್ಕೋನಿಯಾ ಎಂಬ ಸೆರಾಮಿಕ್‌ನ ಹಲ್ಲನ್ನು ಮೊದಲು ಬೇಕಾದ್ದಕ್ಕಿಂತ ದೊಡ್ಡದಾಗಿಯೇ ಕೊರೆಯುತ್ತಾರೆ. ಸುಮಾರು 1500 ಡಿಗ್ರಿ ಕುಲುಮೆಯಲ್ಲಿ ಅದು ಹೆಚ್ಚುಕಡಿಮೆ ಐದನೇ ಒಂದು ಪಾಲು ಕುಗ್ಗಿ ಅಳತೆಗೆ ಬರುತ್ತದೆ. ಆ ಲೆಕ್ಕ ತಪ್ಪುವಂತಿಲ್ಲ. ಹೆಚ್ಚು ಬಳಕೆಯಲ್ಲಿರುವ ಬಣ್ಣದ ಪಟ್ಟಿಯಲ್ಲಿ 16 ಛಾಯೆಗಳಿವೆ. ಅಚ್ಚ ಬಿಳಿಯನ್ನೇ ಕೇಳುವವರಿದ್ದಾರೆ. ಬುಡದಲ್ಲಿ ತುಸು ಹಳದಿ ಇದ್ದರೇ ಹಲ್ಲು ಹಲ್ಲಿನ ಹಾಗೆ ಕಾಣುವುದು.

ಬ್ರಿಡ್ಜ್ ಪುಕ್ಕಟೆ ಬರುವುದಿಲ್ಲ. ಬಿದ್ದ ಒಂದಕ್ಕಾಗಿ ಅಕ್ಕಪಕ್ಕದ ಎರಡು ಗಟ್ಟಿ ಹಲ್ಲುಗಳನ್ನು ಅರೆಯಬೇಕು. ಅರೆದ ಎನಾಮೆಲ್ ಮತ್ತೆ ಬೆಳೆಯದು. ಕೂರಿಸುವಾಗ ಬಣ್ಣದ ಕಾಗದ ಕಚ್ಚಿಸಿ, ಎತ್ತರವಾದ ಚುಕ್ಕೆಯನ್ನು ಹುಡುಕಿ ಉಜ್ಜುತ್ತಾರೆ. ಕೂದಲೆಳೆಯಷ್ಟು ಎತ್ತರ ಉಳಿದರೂ ಆ ಊರಿನ ಖಾರದ ಸಾವಜಿ ಮಟನ್ ಅಗಿಯುವಾಗ ನಾಲಿಗೆಗಿಂತ ಮೊದಲು ದವಡೆ ದೂರುತ್ತದೆ.