ಕಲ್ಲಚ್ಚಿನ ಮೇಲಿನ ಕನ್ನಡ

ನಮ್ಮ ನಾಗನೂರಿನಲ್ಲಿ ಶ್ರಾವಣ ಬಂತೆಂದರೆ ಸಂಜೆಗೆ ಬಸವಪುರಾಣ. ಅದರ ಹಳೆಯ ಕಲ್ಲಚ್ಚಿನ ಹಾಳೆಯೊಂದನ್ನು ನೋಡಿದಾಗಿನಿಂದ ನನಗೆ ಆ ಅಕ್ಷರಗಳ ಗುಂಗು ಬಿಟ್ಟಿಲ್ಲ. ಅಚ್ಚಾದರೂ ಅವು ಕೈಬರಹ. ಒತ್ತಕ್ಷರಗಳು ತಾಯಿಯ ಮಗ್ಗುಲಲ್ಲಿ ಮಲಗಿದ ಕೂಸಿನಂತೆ ಮೇಲಿನ ಅಕ್ಷರಕ್ಕೆ ಅಂಟಿಕೊಂಡಿವೆ. ಆ ಕಾಲದ ಸೀಸದ ಮೊಳೆಗಳಿಗೆ ಈ ಬಾಗು ಎಲ್ಲಿಂದ ಬರಬೇಕು?

ಕಲ್ಲಚ್ಚಿನ ಕೆಲಸ ಸರಳವಲ್ಲ. ನುಣುಪಾಗಿ ಉಜ್ಜಿದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಶಾಯಿಯ ಬರಹ ಮೂಡಬೇಕು. ನೇರ ಕಲ್ಲಿಗೇ ಬರೆದರೆ ಕನ್ನಡಿಯಲ್ಲಿ ಕಂಡಂತೆ ತಿರುವುಮುರುವು ಬರೆಯಬೇಕು. ಆಮೇಲೆ ಕಲ್ಲು ತೋಯಿಸಿದರೆ ಬರಿದಾದ ಜಾಗ ನೀರು ಕುಡಿಯುತ್ತದೆ, ಉರುಳೆಯ ಶಾಯಿ ಜಿಡ್ಡಿಗಷ್ಟೇ ಹತ್ತುತ್ತದೆ.

ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ ಹೊರತಂದದ್ದು ಹೀಗೆಯೇ. ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ‘ಬಿಬ್ಲಿಯೋಥೆಕಾ ಕರ್ನಾಟಿಕಾ’ ಮಾಲೆಯಲ್ಲಿ ಕಲ್ಲಿಗೇರಿದವು. ಮತಪ್ರಚಾರಕ್ಕೆ ಬಂದವರು ಶರಣರ ಪುರಾಣ ಅಚ್ಚು ಹಾಕಿದ್ದು ಸಣ್ಣ ಮಾತಲ್ಲ.

ಮೋಗ್ಲಿಂಗರ ಮನೆಯ ಕಥೆ ನೆನೆದರೆ ಕರುಳು ಚುರ್ರೆನ್ನುತ್ತದೆ. ಜೊತೆಗೆ ದುಡಿದ ಸೋದರಸಂಬಂಧಿ ವೈಗ್ಲೆ 1855ರಲ್ಲಿ ತೀರಿಕೊಂಡರು. ಅವರ ವಿಧವೆ ಪೌಲೀನ್‌ಳನ್ನು ಮೋಗ್ಲಿಂಗ್ ಮದುವೆಯಾಗಿ ಮಕ್ಕಳಿಗೂ ತಂದೆಯಾದರು. ಪೌಲೀನ್‌ಳ ಆರೋಗ್ಯ ಕೆಟ್ಟಿತು. 1860ರಲ್ಲಿ ಆಕೆಗಾಗಿ ಜರ್ಮನಿಯ ಹಡಗು ಹತ್ತಿದವರು ಮತ್ತೆ ಕನ್ನಡ ನೆಲಕ್ಕೆ ಕಾಲಿಡಲಿಲ್ಲ. 1881ರಲ್ಲಿ ಅಲ್ಲೇ ಕೊನೆಯುಸಿರೆಳೆದರು.

ಪುರಾಣದ ಆ ಹಾಳೆಯಲ್ಲಿ ‘ಕ್ತ’ದ ತವೊತ್ತು ತುಸು ಎಡಕ್ಕೆ ವಾಲಿದೆ. ಬರೆದ ಲಿಪಿಕಾರ ಯಾರೋ, ಅವನ ಮಣಿಕಟ್ಟು ಅಲ್ಲಿ ಒಂದು ಕ್ಷಣ ತಡೆದಿದೆ.