ಐತಿಹ್ಯ ಮತ್ತು ದಂತಕಥೆ: ಒಂದು ಪದವಿವೇಚನೆ

ಪ್ರಾಚೀನ ಗ್ರಂಥಗಳ ಸಂಪಾದಕೀಯ ಪೀಠಿಕೆಗಳಲ್ಲಿ ಆಚಾರ್ಯರ ಜೀವನಕ್ಕೆ ಸಂಬಂಧಿಸಿದ ಕಥೆಯೊಂದು ಬಂದೊಡನೆ, ‘ಇದೊಂದು ದಂತಕಥೆ’ ಎಂದು ಬರೆದು ಮುಂದೆ ಸಾಗುವ ಪದ್ಧತಿ ರೂಢವಾಗಿದೆ. ಅದೇ ಕಥೆಯನ್ನು ಒಬ್ಬರು ‘ಐತಿಹ್ಯ’ವೆಂದೂ ಮತ್ತೊಬ್ಬರು ‘ಇತಿಹಾಸ’ವೆಂದೂ ಕರೆಯುವುದುಂಟು. ಈ ಮೂರು ಪದಗಳು ಪರ್ಯಾಯಗಳಲ್ಲ. ಇವುಗಳ ಸಂಕರದಿಂದ ಪ್ರಮಾಣವಿಚಾರವೇ ಕಲುಷಿತವಾಗುವುದರಿಂದ ಇಲ್ಲಿ ಕೊಂಚ ವಿವೇಚನೆ ಆವಶ್ಯಕ.

‘ಇತಿಹ’ ಎಂಬ ಅವ್ಯಯಕ್ಕೆ ಸ್ವಾರ್ಥದಲ್ಲಿ ಪ್ರತ್ಯಯ ಸೇರಿ ‘ಐತಿಹ್ಯ’ವಾಗುತ್ತದೆಂದು ಪಾಣಿನೀಯದಲ್ಲಿದೆ. ಅಮರಸಿಂಹನು ಇದಕ್ಕೆ ಪರಂಪರೆಯಿಂದ ಬಂದ ಉಪದೇಶವೆಂಬ ಅರ್ಥವನ್ನು ಕೊಡುತ್ತಾನೆ. ಆದರೆ ನೈಯಾಯಿಕರು ಐತಿಹ್ಯವನ್ನು ಮೂಲವಕ್ತೃ ಯಾರೆಂದು ತಿಳಿಯದ ಪ್ರವಾದಪರಂಪರೆಯೆಂದು ನಿರೂಪಿಸಿ, ಶಬ್ದಪ್ರಮಾಣದಲ್ಲಿ ಅಡಗಿಸುತ್ತಾರೆ. ‘ಈ ಆಲದ ಮರದಲ್ಲಿ ಯಕ್ಷನಿದ್ದಾನೆ’ ಎಂಬುದು ಅವರಲ್ಲಿ ಪ್ರಸಿದ್ಧವಾದ ಉದಾಹರಣೆ. ಯಾರು ಕಂಡರು, ಯಾರು ಮೊದಲು ಹೇಳಿದರು ಎಂಬುದಕ್ಕೆ ಅಲ್ಲಿ ಉತ್ತರವಿಲ್ಲ.

ಅಕಲಂಕದೇವರ ಮಾರ್ಗ ಇದಕ್ಕಿಂತ ಭಿನ್ನ. ತತ್ತ್ವಾರ್ಥವಾರ್ತಿಕದಲ್ಲಿ ಅವರು ಐತಿಹ್ಯವನ್ನು ಶ್ರುತಜ್ಞಾನದಲ್ಲಿ ಅಂತರ್ಭಾವಗೊಳಿಸುತ್ತಾರೆ. ಅವರು ಕೊಡುವ ಉದಾಹರಣೆ ಯಕ್ಷನದಲ್ಲ. ಭಗವಾನ್ ವೃಷಭದೇವನು ಹೀಗೆ ಹೇಳಿದನೆಂದು ಪುರುಷಪರಂಪರೆಯಿಂದ ಬಂದ ಮಾತು. ಇಲ್ಲಿ ವಕ್ತೃವೂ ಉಂಟು, ಪರಂಪರೆಯೂ ಉಂಟು. ವಕ್ತೃವಿನ ಪ್ರಾಮಾಣ್ಯದಿಂದಲೇ ವಚನಕ್ಕೆ ಪ್ರಾಮಾಣ್ಯವೆಂಬ ನಿಯಮಕ್ಕೆ ಇದು ಅನುಗುಣವಾಗಿದೆ. ಆದುದರಿಂದ ಜೈನ ಗ್ರಂಥಗಳ ಸಂದರ್ಭದಲ್ಲಿ ‘ಐತಿಹ್ಯ’ವೆಂದರೆ ಪರಂಪರೆಯನ್ನು ತೋರಿಸಬಲ್ಲ ಮಾತು ಎಂದೇ ಅರ್ಥ ಮಾಡಬೇಕು. ಪರಂಪರೆಯ ಸುಳಿವಿಲ್ಲದೆ ಬಾಯಿಂದ ಬಾಯಿಗೆ ಹಬ್ಬಿದುದು ಕಿಂವದಂತಿ. ಅದು ಕಥಾರೂಪವನ್ನು ತಾಳಿದಾಗ ದಂತಕಥೆ. ಇಂದಿನ ವೃತ್ತಪತ್ರಿಕೆಗಳಲ್ಲಿ ಖ್ಯಾತ ಆಟಗಾರರನ್ನೂ ನಟರನ್ನೂ ‘ದಂತಕಥೆ’ ಎಂದು ಹೊಗಳುವ ಪ್ರಯೋಗ ಬಳಕೆಗೆ ಬಂದಿರುವುದರಿಂದ ಈ ಪದದ ಅರ್ಥ ಮತ್ತಷ್ಟು ಸಡಿಲವಾಗಿದೆ.

ಪರಂಪರೆಯೊಳಗೂ ತಾರತಮ್ಯವುಂಟೆಂಬುದನ್ನು ವೀರಸೇನಾಚಾರ್ಯರು ಧವಲಾ ಟೀಕೆಯಲ್ಲಿ ತೋರಿಸಿದ್ದಾರೆ. ಆಚಾರ್ಯಪರಂಪರೆಯಿಂದ ಬಂದ ಋಜುವಾದ ಉಪದೇಶವು ದಕ್ಷಿಣಪ್ರತಿಪತ್ತಿ. ಹಾಗೆ ಬಾರದುದು ಉತ್ತರಪ್ರತಿಪತ್ತಿ. ಎರಡನೆಯದಕ್ಕೆ ಪರಂಪರೆಯ ಬಲವಿಲ್ಲವೆಂದು ಅವರು ಅದನ್ನು ಬಿಟ್ಟುಬಿಡಲಿಲ್ಲ, ಹೆಸರಿಟ್ಟು ದಾಖಲಿಸಿದರು. ಸಂಪಾದಕರಿಗೆ ಇದಕ್ಕಿಂತ ಉತ್ತಮವಾದ ಮಾದರಿ ಬೇರೆ ಬೇಕಿಲ್ಲ.

ಈ ಮಾನದಂಡವನ್ನು ಶ್ರವಣಬೆಳಗೊಳದ ಭದ್ರಬಾಹು-ಚಂದ್ರಗುಪ್ತರ ವೃತ್ತಾಂತಕ್ಕೆ ಅನ್ವಯಿಸಿ ನೋಡಬಹುದು. ಚಂದ್ರಗಿರಿಯ ಸುಮಾರು ಕ್ರಿ.ಶ. ೬೦೦ರ ಶಾಸನವು ಗುರುಪರಂಪರೆಯನ್ನು ಹೇಳಿ, ನಿಮಿತ್ತಜ್ಞರಾದ ಭದ್ರಬಾಹುಸ್ವಾಮಿಗಳು ಉಜ್ಜಯಿನಿಯಲ್ಲಿ ಹನ್ನೆರಡು ವರ್ಷಗಳ ಕ್ಷಾಮವನ್ನು ಮುಂದಾಗಿ ತಿಳಿಸಿದುದನ್ನೂ, ಸಂಘವು ಉತ್ತರಾಪಥದಿಂದ ದಕ್ಷಿಣಾಪಥಕ್ಕೆ ಬಂದುದನ್ನೂ ತಿಳಿಸುತ್ತದೆ. ಕಟವಪ್ರದಲ್ಲಿ ಸಮಾಧಿ ಹೊಂದಿದವರೆಂದು ಅದು ಹೇಳುವುದು ಪ್ರಭಾಚಂದ್ರಾಚಾರ್ಯರನ್ನು. ಈ ಭದ್ರಬಾಹುಗಳು ಶ್ರುತಕೇವಲಿಗಳೇ ಅಥವಾ ಅನಂತರದವರೇ ಎಂಬ ವಿಷಯದಲ್ಲಿ ರೈಸ್ ಮತ್ತು ಫ್ಲೀಟರ ಕಾಲದಿಂದಲೂ ವಾದವಿದೆ. ಸುಮಾರು ೬೫೦ರ ಇನ್ನೊಂದು ಶಾಸನದಲ್ಲಿ ಭದ್ರಬಾಹು ಮತ್ತು ಚಂದ್ರಗುಪ್ತ ಮುನೀಂದ್ರರ ಯುಗ್ಮ ಕಾಣಿಸಿಕೊಳ್ಳುತ್ತದೆ. ಶ್ರೀರಂಗಪಟ್ಟಣದ ಬಳಿಯ ಸುಮಾರು ೯೦೦ರ ಶಾಸನಗಳು ಕಳ್ವಪ್ಪು ಬೆಟ್ಟದಲ್ಲಿ ಈ ಇಬ್ಬರ ಪಾದಚಿಹ್ನೆಗಳನ್ನು ಹೇಳುತ್ತವೆ. ೧೧೨೯ರ ಮಲ್ಲಿಷೇಣ ಪ್ರಶಸ್ತಿಯಲ್ಲಿ ಚಂದ್ರಗುಪ್ತರು ಭದ್ರಬಾಹುಗಳ ಶಿಷ್ಯರು. ಹೀಗೆ ಕಾಲಕ್ರಮದಲ್ಲಿ ತೋರಿಸಬಹುದಾದ ಈ ಭಾಗವನ್ನು ದಂತಕಥೆಯೆನ್ನುವುದು ಅನ್ಯಾಯ. ಇದು ಶುದ್ಧ ಐತಿಹ್ಯ.

ಆದರೆ ಹರಿಷೇಣನು ಶಕ ೮೫೩ರಲ್ಲಿ, ಎಂದರೆ ಕ್ರಿ.ಶ. ೯೩೧-೩೨ರಲ್ಲಿ, ರಚಿಸಿದ ಬೃಹತ್ಕಥಾಕೋಶದ ಪ್ರಕಾರ ಭದ್ರಬಾಹುಗಳು ದಕ್ಷಿಣಕ್ಕೆ ಬರಲೇ ಇಲ್ಲ. ಅವರ ಸಮಾಧಿ ಉಜ್ಜಯಿನಿಯ ಕಡೆಯ ಭಾದ್ರಪದ ದೇಶದಲ್ಲಾಯಿತು. ವಿಶಾಖಾಚಾರ್ಯರೆನಿಸಿದ ಚಂದ್ರಗುಪ್ತರು ಸಂಘವನ್ನು ಪುನ್ನಾಟಕ್ಕೆ ಕರೆತಂದರು. ಹರಿಷೇಣನ ಮಾತನ್ನು ಮುಚ್ಚಿಡುವುದರಿಂದ ಬೆಳಗೊಳದ ಮಹಿಮೆ ಹೆಚ್ಚುವುದಿಲ್ಲ. ಅದನ್ನೊಂದೇ ಹಿಡಿದು ಶಾಸನಗಳನ್ನು ಅಲ್ಲಗಳೆಯುವುದೂ ಸಲ್ಲದು. ಎರಡನ್ನೂ ಹೆಸರಿಟ್ಟು ಬರೆಯುವುದೇ ವೀರಸೇನರ ಮಾರ್ಗ.

ಮುನಿ ಚಂದ್ರಗುಪ್ತರೇ ಮೌರ್ಯ ಸಾಮ್ರಾಟನೆಂಬುದು ಮೂರನೆಯ ಕೋಟಿಗೆ ಸೇರಿದ ಮಾತು. ಮೇಲೆ ಹೇಳಿದ ೬೦೦ ಮತ್ತು ೬೫೦ರ ಶಾಸನಗಳು ಮೌರ್ಯ ಶಬ್ದವನ್ನು ಹೇಳುವುದಿಲ್ಲ. ಮುಕುಟಧಾರಿಗಳಲ್ಲಿ ಕೊನೆಯದಾಗಿ ಜಿನದೀಕ್ಷೆ ಪಡೆದವನು ಚಂದ್ರಗುಪ್ತನೆಂದು ತಿಲೋಯಪಣ್ಣತ್ತಿಯಲ್ಲಿದೆ. ಈ ಎರಡನ್ನು ಕೂಡಿಸಿ ಪಡೆದ ನಿರ್ಣಯ ಅನುಮಾನ. ಅನುಮಾನವೂ ಪರೋಕ್ಷ ಪ್ರಮಾಣವೇ ಆದುದರಿಂದ ಅದನ್ನು ಹಾಗೆಂದು ಹೇಳಿಕೊಳ್ಳುವುದರಲ್ಲಿ ನ್ಯೂನತೆಯಿಲ್ಲ. ಆದರೆ ಅದನ್ನು ಶಾಸನವಚನವೆಂದು ಹೇಳಕೂಡದು.

ಇನ್ನು ಬೆಳಗೊಳದಲ್ಲಿ ಭದ್ರಬಾಹುಗಳು ಹುಲಿಯಿಂದ ಹತರಾದರೆಂಬ ಕಥೆ. ಇದು ಸುಮಾರು ೧೬೮೦ರ ಚಿದಾನಂದಕವಿಯ ಮುನಿವಂಶಾಭ್ಯುದಯದಲ್ಲಿದೆ. ಪ್ರಾಚೀನ ಶಾಸನಗಳಲ್ಲಾಗಲಿ ಹರಿಷೇಣನಲ್ಲಾಗಲಿ ಇದರ ಸುಳಿವಿಲ್ಲ. ‘ದಂತಕಥೆ’ ಎಂಬ ಹೆಸರು ಸಲ್ಲುವುದು ಇಂತಹ ಅಂಶಕ್ಕೆ, ಇಡೀ ವೃತ್ತಾಂತಕ್ಕಲ್ಲ.

‘ಪ್ರಕ್ಷಿಪ್ತ’ ಎಂಬ ಪದವನ್ನೂ ಇದರೊಡನೆ ಬೆರೆಸಬಾರದು. ಅದು ಪಾಠಕ್ಕೆ ಸಂಬಂಧಿಸಿದ ದೋಷ; ಘಟನೆಯ ಸತ್ಯಾಸತ್ಯಕ್ಕೆ ಸಂಬಂಧಿಸಿದುದಲ್ಲ. ಹುಲಿಯ ಕಥೆ ಚಿದಾನಂದಕವಿಯ ಕೃತಿಯಲ್ಲಿ ಪ್ರಕ್ಷಿಪ್ತವಲ್ಲ, ಆದರೂ ದಂತಕಥೆ. ವಿಪರೀತವಾಗಿ, ಲಿಪಿಕಾರನು ಓಲೆಯ ಕೊನೆಯಲ್ಲಿ ಸೇರಿಸಿದ ಪದ್ಯ ಮೂಲಕೃತಿಗೆ ಸೇರದಿದ್ದರೂ ನಿಜವಾದ ಗುರುಪರಂಪರೆಯನ್ನು ಉಳಿಸಿಕೊಂಡಿರಬಹುದು. ಎರಡನ್ನೂ ಒಂದೆಂದು ಭ್ರಮಿಸಿದ ಸಂಪಾದಕನು ಅಂತಹ ಪದ್ಯವನ್ನು ಕೈಬಿಟ್ಟರೆ, ಓಲೆ ಶಿಥಿಲವಾದ ಮೇಲೆ ಆ ಪರಂಪರೆಯೂ ಅಳಿಯುತ್ತದೆ.

ಆದುದರಿಂದ ಕಥೆಗೆ ಹೆಸರಿಡುವ ಮೊದಲು ಅದು ಎಲ್ಲಿ ಮೊದಲು ದೊರೆಯುತ್ತದೆ, ಯಾರ ಮಾತಾಗಿ ದೊರೆಯುತ್ತದೆ, ಅನಂತರ ಏನು ಸೇರಿದೆ ಎಂಬ ಮೂರನ್ನು ಪೀಠಿಕೆಯಲ್ಲಿ ನಮೂದಿಸುವುದು ಸಂಪಾದಕನ ಕರ್ತವ್ಯ.